ದೊಡ್ಡ ಬೈಕು, ಇಕ್ಕಟ್ಟು ರಸ್ತೆ: ಟ್ರಾಫಿಕ್‌ನಲ್ಲಿ ಯಾವುದು ತಡ್ಕೊಳ್ಳುತ್ತೆ?

ದೊಡ್ಡ ಬೈಕಿನ ರಿವ್ಯೂ ಅಂದ ತಕ್ಷಣ ಎಲ್ರೂ ಖಾಲಿ ಹೈವೇ, ಬೆಟ್ಟದ ತಿರುವು, ಟಾಪ್ ಸ್ಪೀಡು ಇಷ್ಟರಲ್ಲೇ ಸುತ್ತಾಡಿ ಮುಗಿಸ್ತಾರೆ. ತಗೊಂಡೋನು ಓಡ್ಸೋದು ಎಲ್ಲಿ? ವಾರಪೂರ್ತಿ ಬಸ್ಸಿನ ಹಿಂದೆ, ಕಾರಿನ ಪಕ್ಕ, ಮೊದಲನೇ ಗೇರು, ಎರಡನೇ ಗೇರು, ಮತ್ತೆ ನ್ಯೂಟ್ರಲ್. 0ರಿಂದ 100ಕ್ಕೆ ಎಷ್ಟು ಸೆಕೆಂಡು ಅನ್ನೋದು ಅವನ ಯಾವ ಕೆಲಸಕ್ಕೂ ಬರಲ್ಲ, 0ರಿಂದ 30ರವರೆಗೆ ಬೈಕು ಹೆಂಗೆ ನಡ್ಕೊಳ್ಳುತ್ತೆ ಅನ್ನೋದೇ ಅವನ ಹಣೆಬರಹ. ನಾನು ನೋಡಿರೋ ದೊಡ್ಡ ಬೈಕುಗಳನ್ನೆಲ್ಲ ಇಲ್ಲಿ ಅದೇ ಲೆಕ್ಕದಲ್ಲಿ ತೂಗ್ತೀನಿ, ಟಾಪ್ ಸ್ಪೀಡ್ ಬೇಕಾದೋರು ಬೇರೆ ಕಡೆ ಓದ್ಕೊಳ್ಳಿ.

ಸೂಪರ್‌ಬೈಕುಗಳ ಕಥೆ ಮೊದ್ಲು ಮುಗಿಸಿಬಿಡೋಣ. 1000 ಸಿಸಿ ಸೂಪರ್‌ಸ್ಪೋರ್ಟ್ ಬೈಕಿನ ಮೊದಲನೇ ಗೇರೇ ಗಂಟೆಗೆ 140–150 ಕಿ.ಮೀ. ಆಸುಪಾಸಿನವರೆಗೆ ಎಳೆಯುತ್ತೆ, ಟ್ರ್ಯಾಕಿಗೆ ಅಂತಲೇ ಹಂಗೆ ಗೇರಿಂಗ್ ಕೊಟ್ಟಿರ್ತಾರೆ. ಈಗ ಮುಂದಿನ ಕಾರು ನಡೆಯೋರಿಗಿಂತ ನಿಧಾನ ತೆವಳ್ತಿದೆ ಅನ್ಕೊಳ್ಳಿ, ನೀವು ಕ್ಲಚ್ ಪೂರ್ತಿ ಬಿಡೋ ಹಂಗೇ ಇಲ್ಲ, ಬಿಟ್ರೆ ಬೈಕು ಮುಂದಕ್ಕೆ ನೆಗೆಯುತ್ತೆ ಇಲ್ಲಾ ಜರ್ಕ್ ಹೊಡ್ದು ಆಫ್ ಆಗುತ್ತೆ, ಹಂಗಾಗಿ ಇಡೀ ದಾರಿ ಹಾಫ್ ಕ್ಲಚ್‌ನಲ್ಲೇ ಹೋಗ್ಬೇಕು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಶುರುವಾದ ನೋವು ಮೊಣಕೈವರೆಗೆ ಏರುತ್ತೆ. ಸಾಲದು ಅಂತ ಹ್ಯಾಂಡಲ್ ಬೇರೆ ಕೆಳಗೆ, ಮೈಭಾರ ಎಲ್ಲ ಮಣಿಕಟ್ಟಿನ ಮೇಲೆ. ಸ್ಪೀಡಲ್ಲಿ ಹೋಗುವಾಗ ಎದೆಗೆ ಬಡಿಯೋ ಗಾಳಿ ಆ ಭಾರಾನ ಸ್ವಲ್ಪ ಎತ್ತುತ್ತೆ, ಟ್ರಾಫಿಕ್‌ನಲ್ಲಿ ಆ ಗಾಳಿ ಎಲ್ಲಿಂದ ಬರ್ಬೇಕು? ಸುಜುಕಿ ಹಯಾಬುಸಾ ಅಂದ್ರೆ ನಂಗೂ ಕಣ್ಣು ಅರಳುತ್ತೆ, 1340 ಸಿಸಿ, 190 ಪಿಎಸ್ (ಪವರ್ ಅಳೆಯೋ ಲೆಕ್ಕ, ಹೆಚ್ಚುಕಮ್ಮಿ ಹಾರ್ಸ್‌ಪವರ್ರೇ), ಇಂಜಿನ್ ಕೆಳಗಿನ ಆರ್‌ಪಿಎಂನಲ್ಲೂ, ಅಂದ್ರೆ ನಿಮಿಷಕ್ಕೆ ಕಮ್ಮಿ ಸುತ್ತು ತಿರುಗುವಾಗ್ಲೂ, ನುಣ್ಣಗೆ ಎಳೆಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 260 ಕೆ.ಜಿ. ಮೇಲಿರೋ ಬೈಕನ್ನ ಇಕ್ಕಟ್ಟಲ್ಲಿ ಒಂದು ಯೂ ಟರ್ನ್ ಮಾಡಿ ಬನ್ನಿ, ಆಮೇಲೆ ಮಾತಾಡೋಣ.

ಸಿಟೀಲಿ ನೋಡ್ಬೇಕಾದ್ದು ಪವರ್ ಎಷ್ಟು ಅಂತ ಅಲ್ಲ, ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಎಳೆತ, ಎಷ್ಟು ಬೇಗ ಸಿಗುತ್ತೆ ಅಂತ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ತಗೊಳ್ಳಿ, 648 ಸಿಸಿಗೆ ಬರೀ 47 ಪಿಎಸ್ಸಾ ಅಂತ ಮೂಗು ಮುರಿಯೋರು ಬಹಳ ಜನ ಇದ್ದಾರೆ, ಆದ್ರೆ ಅದರ 52 ಎನ್‌ಎಂ ಟಾರ್ಕ್‌ನಲ್ಲಿ ಶೇ. 80ರಷ್ಟು 2500 ಆರ್‌ಪಿಎಂಗೇ ಸಿಗುತ್ತೆ ಅಂತ ಕಂಪನಿ ಹೇಳುತ್ತೆ, ಓಡ್ಸಿದ್ರೆ ಅದು ಬರೀ ಬಾಯಿಮಾತಲ್ಲ ಅಂತ ಗೊತ್ತಾಗುತ್ತೆ. ಮೂರನೇ ಗೇರಲ್ಲೇ 30ಕ್ಕೆ ಇಳ್ದು ಮತ್ತೆ ಎಕ್ಸಲೇಟರ್ ತಿರುಗಿಸಿದ್ರೂ ಕೊಸರಾಡದೆ ಎಳ್ಕೊಂಡು ಹೋಗುತ್ತೆ. ಯಮಾಹಾ ಎಂಟಿ-07 ಇದೇ ದಾರೀಲಿ ಇನ್ನೂ ಒಂದು ಹೆಜ್ಜೆ ಮುಂದೆ: 689 ಸಿಸಿ, 73 ಪಿಎಸ್ ಚಿಲ್ಲರೆ, ತೂಕ 184 ಕೆ.ಜಿ. ಎರಡರಲ್ಲೂ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತಾನ ತಿರುಗಾಟ ಮಾಡೋ ದಂಡ) 270 ಡಿಗ್ರೀದು, ಅಂದ್ರೆ ಎರಡು ಸಿಲಿಂಡರು ಸಮ ಅಂತರದಲ್ಲಿ ಹೊಡೆಯಲ್ಲ, 90 ಡಿಗ್ರಿ ವಿ-ಟ್ವಿನ್ನಿನ (ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರೋ ಇಂಜಿನ್) ಲಯದಲ್ಲಿ ಹೊಡೆಯುತ್ತೆ, ನಿಧಾನಕ್ಕೆ ಹೋಗುವಾಗ ಹಿಂದಿನ ಚಕ್ರಕ್ಕೆ ಎಷ್ಟು ಶಕ್ತಿ ಹೋಗ್ತಿದೆ ಅನ್ನೋದು ಕೂತಲ್ಲೇ ಗೊತ್ತಾಗುತ್ತೆ. ನಿಜವಾದ ವಿ-ಟ್ವಿನ್ನೇ ಬೇಕು ಅಂದ್ರೆ ಸುಜುಕಿ ಎಸ್‌ವಿ650 ಇದೆ, ನೋಡೋಕೆ ಹಳೇ ಮಾಲು, ಆದ್ರೆ ಅದರಲ್ಲಿ ಲೋ ಆರ್‌ಪಿಎಂ ಅಸಿಸ್ಟ್ ಅಂತ ಒಂದಿದೆ, ಕ್ಲಚ್ ಬಿಡೋವಾಗ ಇಂಜಿನ್ ತಾನೇ ಒಂಚೂರು ಆರ್‌ಪಿಎಂ ಏರಿಸ್ಕೊಳ್ಳುತ್ತೆ. ಕೇಳೋಕೆ ಸಣ್ಣ ವಿಷ್ಯ. ಸಿಗ್ನಲ್ ಬಿಟ್ಟಾಗ ಹಿಂದೆ ಹಾರ್ನ್ ಹೊಡೀತಿರೋವಾಗ ಆಫ್ ಆಗದೆ ಹೊರಟಾಗ ಅದರ ಬೆಲೆ ಗೊತ್ತಾಗೋದು.

ಹಂಗಂತ ಎಲ್ಲಾ ಟ್ವಿನ್ನೂ ಒಳ್ಳೇದು ಅಂತಲ್ಲ. 1200–1300 ಸಿಸಿ ದೊಡ್ಡ ವಿ-ಟ್ವಿನ್‌ಗಳು ಸಾಮಾನ್ಯವಾಗಿ 3000 ಆರ್‌ಪಿಎಂ ಕೆಳಗೆ ಚೈನ್ ಕಟಕಟ ಅನ್ನಿಸ್ಕೊಂಡು ಜಗ್ಗಾಡುತ್ತೆ, ಈಗಿನ ಹೊಗೆ ನಿಯಮಗಳಿಗೆ ಅಂತ ಪೆಟ್ರೋಲ್ ಕಮ್ಮಿ ಬಿಡೋ ಹಂಗೆ ಟ್ಯೂನ್ ಮಾಡಿರೋದ್ರಿಂದ ಎಕ್ಸಲೇಟರ್ ಮುಚ್ಚಿ ತೆಗೆಯೋವಾಗ ಆ ಜರ್ಕು ಇನ್ನೂ ಜಾಸ್ತಿ. ಈ ವಿಷಯದಲ್ಲಿ ನಾಲ್ಕು ಸಿಲಿಂಡರೇ ಮೇಲು. ಕವಾಸಕಿ ಝಡ್900 948 ಸಿಸಿ, 125 ಪಿಎಸ್, ಕಾಗದದ ಮೇಲೆ ಸಿಟಿಗೆ ಅತಿಯಾಯ್ತು ಅನ್ಸುತ್ತೆ, ಆದ್ರೆ ಕೆಳಗಿನ ಆರ್‌ಪಿಎಂನಲ್ಲಿ ಅಷ್ಟು ಸಾಧು ಇಂಜಿನ್ ಇನ್ನೊಂದು ಹುಡುಕೋದು ಕಷ್ಟ. ಮಧ್ಯದಲ್ಲಿ ಮೂರು ಸಿಲಿಂಡರಿನ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ 765 ಬರುತ್ತೆ, 190 ಕೆ.ಜಿ. ಒಳಗೆ 120ರ ಆಸುಪಾಸು ಪವರ್ರು, ನನ್ ಕೇಳಿದ್ರೆ ಓಡ್ಸೋಕೆ ಈ ಸಾಲಲ್ಲೇ ಅತಿ ಮಜಾ ಕೊಡೋದು ಇದು, ಆದ್ರೆ ಮಜಾ ಶುರುವಾಗೋದು ಟ್ರಾಫಿಕ್ ಮುಗಿದ ಮೇಲೆ.

ಈಗ ಬಿಸಿ ವಿಷ್ಯ. ಶೋರೂಮ್‌ನಲ್ಲಿ ಇದರ ಬಗ್ಗೆ ಯಾರೂ ಬಾಯೇ ಬಿಡಲ್ಲ. ಲಿಕ್ವಿಡ್ ಕೂಲಿಂಗ್ (ದ್ರವ ಹರಿಸಿ ಇಂಜಿನ್ ತಣ್ಣಗಿಡೋದು) ಇದ್ರೆ ಬಿಸಿ ಕಮ್ಮಿ ಅಂತ ಬಹಳ ಜನ ನಂಬ್ಕೊಂಡಿದ್ದಾರೆ, ಇಂಜಿನ್‌ಗೆ ಕಮ್ಮಿ ಹೌದು, ನಿಮಗಲ್ಲ. ಮೀಟರ್‌ನಲ್ಲಿ ಟೆಂಪರೇಚರ್ 90, 95, 98 ಅಂತ ಏರ್ತಾ ಹೋಗುತ್ತೆ, 100 ದಾಟೋ ಹೊತ್ತಿಗೆ ಗುಂಯ್ ಅಂತ ಫ್ಯಾನು ಶುರು, ರೇಡಿಯೇಟರಿನ ಆ ಗಾಳಿಯೆಲ್ಲ ಸೀದಾ ಬಂದು ಮೊಣಕಾಲಿಗೂ ತೊಡೆ ಒಳಭಾಗಕ್ಕೂ ಬಡಿಯುತ್ತೆ. ಓಡ್ತಿರೋವಾಗ ಪಕ್ಕಕ್ಕೆ ಹಾರ್ಹೋಗೋ ಬಿಸಿ ನಿಂತಾಗ ನಿಮ್ಮ ಪಾಲು. ಇದರ ಜೊತೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗ್ಲಿ ಅಂತ ಇಂಜಿನ್ ಹತ್ತಿರಾನೇ ಇಡ್ತಾರೆ, ಅದೂ ಕೆಳಗಿಂದ ಕಾಯ್ತಾ ಇರುತ್ತೆ, ಅಲ್ಯುಮಿನಿಯಂ ಫ್ರೇಮ್ ಇಂಜಿನ್ನಿನ ಎರಡೂ ಪಕ್ಕದಲ್ಲಿ ಹಾದು ಹೋಗಿದ್ರೆ ಅದೂ ಕಾದು ತೊಡೆಗೆ ತಾಗುತ್ತೆ. ಒಂದು ನಾಲ್ಕು ಸಿಲಿಂಡರಿನ ಲೀಟರ್ ಬೈಕು, ಹೆಸರು ಬೇಡ, ಮಧ್ಯಾಹ್ನದ ಜಾಮ್‌ನಲ್ಲಿ ಫ್ಯಾನ್ ನಿಲ್ಲಿಸೋದೇ ಮರೀತು, ಜೀನ್ಸ್ ಹಾಕ್ಕೊಂಡಿದ್ರೂ ಬಲಗಾಲಿನ ಮೀನಖಂಡ ಕೆಂಪಗಾಗಿತ್ತು. ದೊಡ್ಡ ಕಂಪನಿಗಳಿಗೂ ಇದು ಗೊತ್ತು, ಇಲ್ಲಾಂದ್ರೆ ಡುಕಾಟಿಯೋರು ಮಲ್ಟಿಸ್ಟ್ರಾಡಾ ವಿ4ನಲ್ಲಿ ನಿಂತಾಗ ಹಿಂದಿನ ಎರಡು ಸಿಲಿಂಡರ್ ಬಂದ್ ಆಗೋ ಹಂಗೆ ಯಾಕೆ ಮಾಡ್ತಿದ್ರು? ಹಾರ್ಲೆಯೋರು ತಮ್ಮ ದೊಡ್ಡ ವಿ-ಟ್ವಿನ್‌ಗಳಲ್ಲಿ ಹಿಂದಿನ ಸಿಲಿಂಡರಿಗೆ ಇದೇ ಉಪಾಯ ಮಾಡಿದ್ದಾರೆ, ಯಾಕಂದ್ರೆ ವಿ ಆಕಾರದ ಇಂಜಿನ್ನಲ್ಲಿ ಹಿಂದಿನ ಸಿಲಿಂಡರ್ ಇರೋದೇ ನಿಮ್ಮ ಸೀಟಿನ ಕೆಳಗೆ. ಏರ್-ಆಯಿಲ್ ಕೂಲ್ಡ್ ಇಂಜಿನ್ನಿಗೆ ಫ್ಯಾನಿನ ಹೊಡೆತ ಇಲ್ಲ, ಬಿಸಿ ಹರಡ್ಕೊಂಡು ಬರುತ್ತೆ, ಇಂಟರ್‌ಸೆಪ್ಟರ್ ನಂಗೆ ಸಹಿಸೋ ಹಂಗಿರೋದು ಅದಕ್ಕೇ. ಆದ್ರೆ ಗಂಟೆಗಟ್ಟಲೆ ನಿಂತಲ್ಲೇ ನಿಂತ್ರೆ ಗಾಳೀನೇ ನಂಬಿರೋ ಇಂಜಿನ್ನಿಗೂ ಅದು ಒಳ್ಳೇದಲ್ಲ, ಜಾಮ್ ಉದ್ದ ಇದ್ರೆ ಆಫ್ ಮಾಡ್ಬಿಡಿ.

ತೂಕದ ವಿಷಯದಲ್ಲಿ ಬ್ರೋಷರ್ ನೋಡಿ ಮೋಸ ಹೋಗೋದು ಸುಲಭ. ಡ್ರೈ ವೇಯ್ಟ್ ಅಂತ ಬರೆದಿರೋದು ಪೆಟ್ರೋಲ್ ಇಲ್ದಿರೋ ಬೈಕಿನ ತೂಕ, ಪೆಟ್ರೋಲ್, ಆಯಿಲ್ ಎಲ್ಲ ಸೇರಿದ ಕರ್ಬ್ ವೇಯ್ಟ್ ಕೇಳಿ. ಇಂಟರ್‌ಸೆಪ್ಟರ್ 202 ಅಂತ ಓದಿ ಹೋದೋರಿಗೆ ಪೆಟ್ರೋಲ್ ತುಂಬಿದ ಮೇಲೆ ಸಿಗೋದು 217 ಆಸುಪಾಸು. ಅದಕ್ಕಿಂತ ಮುಖ್ಯ ಆ ತೂಕ ಎಲ್ಲಿ ಕೂತಿದೆ ಅನ್ನೋದು. ಬಿಎಂಡಬ್ಲ್ಯೂ ಆರ್ 1300 ಜಿಎಸ್ 237 ಕೆ.ಜಿ., ನೋಡಿದ್ರೆ ಎದೆ ಝಲ್ ಅನ್ನುತ್ತೆ, ಆದ್ರೆ ಬಾಕ್ಸರ್ ಇಂಜಿನ್ ಅಡ್ಡಡ್ಡ ಕೆಳಗೆ ಮಲಗಿರೋದ್ರಿಂದ ಹೊರಟ ಮೇಲೆ ಆ ತೂಕ ಎಲ್ಲೋ ಮಾಯ, ಹ್ಯಾಂಡಲೂ ಬಹಳ ತಿರುಗುತ್ತೆ, ಎತ್ತರ ಕೂತು ಕಾರುಗಳ ತಲೆ ಮೇಲಿಂದ ಮುಂದಿನ ಸಂದು ಕಾಣ್ಸುತ್ತೆ. ನಿಂತಾಗ ಮಾತ್ರ ಅದೇ ಎತ್ತರ ಶತ್ರು, ಎರಡೂ ಕಡೆ ಚಾಚಿರೋ ಸಿಲಿಂಡರ್‌ಗಳು ಕಾರಿನ ಬಂಪರ್‌ಗೆ ತಾಗದ ಹಂಗೆ ನೋಡ್ಕೋಬೇಕು ಬೇರೆ. ಅಗಲ ಹ್ಯಾಂಡಲ್ಲು, ಹ್ಯಾಂಡಲ್ ತುದೀಲಿ ಕೂರೋ ಬಾರ್-ಎಂಡ್ ಮಿರರ್ರು ಹಾಕಿಸ್ಕೊಂಡೋರಿಗೂ ಇದೇ ಗೋಳು, ಚೆಂದ ಕಾಣುತ್ತೆ, ಸಂದೀಲಿ ಹೋಗಲ್ಲ.

ಸೀಟ್ ಎತ್ತರ ಬರೀ ಮಿಲಿಮೀಟರ್‌ನಲ್ಲಿ ನೋಡ್ಬೇಡಿ. 785 ಇರೋ ಅಗಲ ಸೀಟಿಗಿಂತ 805 ಇರೋ ಮುಂದೆ ಸಪೂರ ಸೀಟಲ್ಲಿ ಕಾಲು ಚೆನ್ನಾಗಿ ಊರುತ್ತೆ. ಶೋರೂಮಿನ ಸಮತಟ್ಟು ನೆಲದಲ್ಲಿ ಎಲ್ಲಾ ಬೈಕೂ ಹಗುರ. ಸ್ವಲ್ಪ ಇಳಿಜಾರಲ್ಲಿ ಮೂತಿ ಕೆಳಗೆ ಮಾಡಿ ನಿಲ್ಸಿ, ಕೂತ್ಕೊಂಡೇ ಕಾಲಲ್ಲಿ ಹಿಂದಕ್ಕೆ ತಳ್ಳಿ ನೋಡಿ. ಪಾರ್ಕಿಂಗ್‌ನಲ್ಲಿ ದಿನಾ ಮಾಡೋದು ಅದನ್ನೇ. ಬರ್ಲಿಲ್ಲ ಅಂದ್ರೆ ಆ ಬೈಕು ಬೇಡ ಗುರೂ, ಎಷ್ಟೇ ಚೆಂದ ಇರ್ಲಿ.

ಆಟೋಮ್ಯಾಟಿಕ್ ಅಂದ್ರೆ ನಗೋ ಕಾಲ ಹೋಯ್ತು. ಹೋಂಡಾದೋರು 2010ರಲ್ಲೇ ವಿಎಫ್‌ಆರ್1200ಎಫ್‌ಗೆ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಕೊಟ್ರು, ಬೆಸ ಗೇರುಗಳಿಗೆ ಒಂದು ಕ್ಲಚ್ಚು, ಸರಿ ಗೇರುಗಳಿಗೆ ಇನ್ನೊಂದು, ಲಿವರ್ರೇ ಇಲ್ಲ. ಈಗ ಎನ್‌ಸಿ750ಎಕ್ಸ್‌ನಲ್ಲಿ ಅದೇ ಬರುತ್ತೆ. ಈ ಬೈಕಿನ ಬಗ್ಗೆ ಯಾರೂ ಕನಸು ಕಾಣಲ್ಲ, 58 ಪಿಎಸ್ ಅಷ್ಟೇ, ಆದ್ರೆ ಟಾರ್ಕ್ 4750 ಆರ್‌ಪಿಎಂಗೇ ಪೂರ್ತಿ ಸಿಕ್ಬಿಡುತ್ತೆ, ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿದೆ, ಟ್ಯಾಂಕ್ ಇರ್ಬೇಕಾದ ಜಾಗದಲ್ಲಿ ಹೆಲ್ಮೆಟ್ ಇಡೋ ಡಬ್ಬಿ! ದಿನಾ ಟ್ರಾಫಿಕ್ಕೇ ಗತಿ ಅನ್ನೋರಿಗೆ ಇದಕ್ಕಿಂತ ಬುದ್ಧಿವಂತ ದೊಡ್ಡ ಬೈಕು ಇಲ್ಲ. ಡಿಸಿಟಿಗೆ ಸುಮಾರು 10 ಕೆ.ಜಿ. ತೂಕ ಜಾಸ್ತಿ ಆಗುತ್ತೆ, ತೀರಾ ನಿಧಾನದಲ್ಲಿ ತಿರುಗಿಸೋವಾಗ ಹಿಡಿಯೋಕೆ ಕ್ಲಚ್ ಇರಲ್ಲ, ಹಿಂದಿನ ಬ್ರೇಕಲ್ಲೇ ಸಂಭಾಳಿಸ್ಬೇಕು. ಅದು ಬೇಡ ಅಂದ್ರೆ ಹೋಂಡಾದೋರೇ 2023ರಲ್ಲಿ ಪ್ರಕಟಿಸಿದ ಇ-ಕ್ಲಚ್ ಇದೆ, ಸಿಬಿ650ಆರ್ ಥರದ ನಾಲ್ಕು ಸಿಲಿಂಡರ್ ಬೈಕಿಗೆ ಎರಡು-ಮೂರು ಕೆ.ಜಿ. ಅಷ್ಟೇ ಸೇರುತ್ತೆ, ಗೇರು ಕಾಲಲ್ಲೇ ಹಾಕ್ಬೇಕು, ಕ್ಲಚ್ ಲಿವರ್ ಅಲ್ಲೇ ಇರುತ್ತೆ, ಮುಟ್ಟದಿದ್ರೂ ನಿಲ್ಲುತ್ತೆ ಹೊರಡುತ್ತೆ, ಬೇಕೆನಿಸಿದಾಗ ಹಿಡ್ಕೋಬಹುದು. ಯಮಾಹಾದ ವೈ-ಎಎಂಟಿ ಎಂಟಿ-07ಗೂ ಬಂದಿದೆ, ಅದರಲ್ಲಿ ಲಿವರ್ರೂ ಇಲ್ಲ ಗೇರ್ ಪೆಡಲ್ಲೂ ಇಲ್ಲ, ಗೇರೆಲ್ಲ ಬೆರಳಲ್ಲೇ ಹಾಕ್ಬಹುದು, ಇಲ್ಲಾಂದ್ರೆ ಬೈಕು ತಾನೇ ಹಾಕ್ಕೊಳ್ಳುತ್ತೆ. ಕ್ಲಚ್ ಹಿಡೀದೆ ಗೇರ್ ಹಾಕೋ ಕ್ವಿಕ್‌ಶಿಫ್ಟರ್ ಇದೆ ಅಂತ ಮಾರೋರು ಹೇಳಿದ್ರೆ ತಲೆ ಆಡಿಸಿ ಸುಮ್ನಿರಿ, ತೆವಳೋ ಸ್ಪೀಡಲ್ಲಿ ಅದು ಬರೀ ಜರ್ಕು.

ರೈನ್ ಮೋಡ್ ಮಳೆಗೆ ಮಾತ್ರ ಅಲ್ಲ, ಎಕ್ಸಲೇಟರ್ ಮೆತ್ತಗಾಗುತ್ತೆ, ಒಣ ರಸ್ತೇಲೂ ಟ್ರಾಫಿಕ್ ಇದ್ರೆ ಅದೇ ಹಾಕಿ. ಇನ್ನು ಬ್ರೇಕು: ದೊಡ್ಡ ಬೈಕಿನ ಮುಂದಿನ ಬ್ರೇಕ್ ಎರಡು ಬೆರಳಿಗೆ ಕಚ್ಕೊಳ್ಳುತ್ತೆ, ಹ್ಯಾಂಡಲ್ ತಿರುಗಿಸಿರೋವಾಗ ನಿಧಾನದಲ್ಲಿ ಅದನ್ನ ಗಪ್ ಅಂತ ಹಿಡಿದ್ರೆ ಬೈಕು ಒಳಗಡೆಗೆ ಮಲಗುತ್ತೆ, ಆಗ ಎಬಿಎಸ್ ಏನೂ ಕಾಪಾಡಲ್ಲ.

ನನ್ನ ಲೆಕ್ಕದಲ್ಲಿ ಸಿಟಿಗೆ ಒಂದೇ ದೊಡ್ಡ ಬೈಕು ಅಂದ್ರೆ ಎಂಟಿ-07, ಹಗುರ, ಟಾರ್ಕ್ ಕೈಯಲ್ಲೇ, ವಾರಾಂತ್ಯಕ್ಕೂ ಸಾಕು. ಆರಾಮವಾಗಿ ಕೂತು ಹೋಗ್ಬೇಕು, ಅವಸರ ಇಲ್ಲ ಅಂದ್ರೆ ಇಂಟರ್‌ಸೆಪ್ಟರ್. ಎಡಗೈ ನೋವಿರೋರು ಎನ್‌ಸಿ750ಎಕ್ಸ್ ಬಿಟ್ಟು ಬೇರೆ ನೋಡ್ಲೇಬೇಡಿ. ನಾಲ್ಕು ಸಿಲಿಂಡರಿನ ಸದ್ದಿಗೆ ಸೋತೋರಿಗೆ ಇ-ಕ್ಲಚ್ ಇರೋ ಸಿಬಿ650ಆರ್. ಝಡ್900 ತಗೋಬೇಡಿ ಅನ್ನಲ್ಲ, ಹೈವೇ ಅರ್ಧ ಸಿಟಿ ಅರ್ಧ ಇದ್ರೆ ತಗೊಳ್ಳಿ. ಟೆಸ್ಟ್ ರೈಡ್‌ಗೆ ಮಾತ್ರ ಬೆಳಗ್ಗೆ ಖಾಲಿ ರಸ್ತೇಲಿ ಕೊಡ್ತೀವಿ ಅಂದ್ರೆ ಒಪ್ಕೋಬೇಡಿ, ಮಧ್ಯಾಹ್ನ ಬಿಸಿಲಲ್ಲಿ ಜನ ಜಾಸ್ತಿ ಇರೋ ರಸ್ತೇಲೇ ಕೇಳಿ, ಫ್ಯಾನ್ ಶುರುವಾಗೋವರೆಗೂ ವಾಪಸ್ ಬರ್ಬೇಡಿ. ದಿನಾ ಹಿಂದೆ ಕೂರೋರು ಯಾರಾದ್ರೂ ಇದ್ರೆ ಅವರನ್ನೂ ಕೂರಿಸ್ಕೊಂಡೇ ಹೋಗಿ, ನೇಕೆಡ್ ಬೈಕುಗಳ (ಮೈ ಮುಚ್ಚೋ ಫೈಬರ್ ಹೊದಿಕೆ ಇಲ್ದಿರೋವು) ಹಿಂದಿನ ಸೀಟು ಅಂಗೈ ಅಗಲ ಇರುತ್ತೆ, ಹಿಡ್ಕೊಳ್ಳೋಕೆ ಕಂಬಿ ಕೂಡ ಎಷ್ಟೋ ಬೈಕುಗಳಲ್ಲಿ ಇರಲ್ಲ.