ಸ್ಪೀಡ್ ರೇಸರ್ ಬ್ಲೂ-ರೇ: ಎಲ್ಲರೂ ಬೇಡ ಅಂದ ಸಿನಿಮಾಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು

ಇದು 2008ರ ‘ಸ್ಪೀಡ್ ರೇಸರ್’ ಸಿನಿಮಾದ ಬ್ಲೂ-ರೇ ಡಿಸ್ಕಿನ ವಿಮರ್ಶೆ. ಸಿನಿಮಾ ಬಂದಾಗ ಹೆಚ್ಚಿನ ವಿಮರ್ಶಕರು ಇದನ್ನು ಚೆನ್ನಾಗಿ ಜಾಡಿಸಿದರು. ಕಣ್ಣು ನೋವು ಬರುತ್ತದೆ ಅಂದರು, ಬರೀ ಬಣ್ಣ ಅಂದರು, ಉದ್ದ ಜಾಸ್ತಿ ಆಯ್ತು ಅಂದರು. ಜನವೂ ಬರಲಿಲ್ಲ. ಸುಮಾರು 12 ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ ಪ್ರಪಂಚದಲ್ಲೆಲ್ಲ ಓಡಿ ಗಳಿಸಿದ್ದು 9 ಕೋಟಿ ಚಿಲ್ಲರೆ. ಒಂದೇ ವಾರ ಮೊದಲು ‘ಐರನ್ ಮ್ಯಾನ್’ ಬಂದು ಥಿಯೇಟರುಗಳನ್ನು ಹಿಡಿದುಕೊಂಡಿತ್ತು. ಹಾಗಾಗಿ ‘ಮೇಟ್ರಿಕ್ಸ್’ ಮಾಡಿದ ವಚೋವ್‌ಸ್ಕಿ ಜೋಡಿಯ ಈ ಚಿತ್ರ ಬಂದದ್ದೂ ಹೋದದ್ದೂ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ.

ನನಗೆ ಅವರ ಸಿನಿಮಾಗಳಲ್ಲೆಲ್ಲ ಇದೇ ಜಾಸ್ತಿ ಇಷ್ಟ. ‘ಎಷ್ಟು ಕೆಟ್ಟದಾಗಿದೆ ನೋಡು’ ಅಂತ ಗೆಳೆಯರನ್ನು ಸೇರಿಸಿಕೊಂಡು ನಗುವ ಸಿನಿಮಾಗಳಿವೆ, ಅದು ಬೇರೆ ಮಜಾ. ಇದನ್ನು ನಾನು ಹಾಗೆ ನೋಡುವುದಿಲ್ಲ. ನಿಜವಾಗಿಯೂ ಒಳ್ಳೆಯ ಸಿನಿಮಾ ಅಂತಲೇ ನೋಡುತ್ತೇನೆ.

ಕಾರಣ ಹೇಳಬೇಕಾದರೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮ ಗ್ಯಾರೇಜಿದೆ. ಅಪ್ಪ ಶುರು ಮಾಡಿದ್ದು. ಈಗ ನಾನು, ನನ್ನ ತಮ್ಮ ನೋಡಿಕೊಳ್ಳುತ್ತೇವೆ. ಲೆಕ್ಕ ಬರೆಯುವುದು ಈಗಲೂ ಅಮ್ಮನೇ. ಊಟಕ್ಕೆ ಕೂತರೂ ಮಾತು ಗೇರ್ ಬಾಕ್ಸಿನದ್ದೇ. ಈ ಸಿನಿಮಾದಲ್ಲಿರುವುದು ಅಂಥದ್ದೇ ಒಂದು ಮನೆ. ಅಪ್ಪ ಗಾಡಿ ಕಟ್ಟುತ್ತಾನೆ, ಮಗ ಓಡಿಸುತ್ತಾನೆ, ಅಮ್ಮ ಎಲ್ಲರನ್ನೂ ಹಿಡಿದಿಟ್ಟಿರುತ್ತಾಳೆ. ಜೊತೆಗೊಬ್ಬ ಮೆಕ್ಯಾನಿಕ್ ಹುಡುಗ, ಒಬ್ಬಳು ಗೆಳತಿ, ಒಬ್ಬ ತುಂಟ ತಮ್ಮ, ಅವನ ಸಂಗಡ ಒಂದು ಚಿಂಪಾಂಜಿ. 1960ರ ದಶಕದ ಜಪಾನಿ ಕಾರ್ಟೂನ್ ಸರಣಿಯಿಂದ ಬಂದ ಕಥೆ ಇದು. ಮೊದಲ ಮಗ ರೆಕ್ಸ್ ಮನೆ ಬಿಟ್ಟು ಹೋಗಿ ರೇಸಿನಲ್ಲಿ ಸತ್ತಿದ್ದಾನೆ. ಎರಡನೆಯವನು ಸ್ಪೀಡ್. ಅದು ಅವನ ಹೆಸರೇ.

ಮೊದಲ ಇಪ್ಪತ್ತು ನಿಮಿಷದ ಬಗ್ಗೆ ಹೇಳಲೇಬೇಕು. ಸ್ಪೀಡ್ ರೇಸಿನಲ್ಲಿದ್ದಾನೆ. ಅದೇ ಟ್ರ್ಯಾಕಿನಲ್ಲಿ ಹಿಂದೆ ಅಣ್ಣ ಮಾಡಿದ ದಾಖಲೆ ಇದೆ. ಈಗಿನ ರೇಸು, ಅಣ್ಣನ ಹಳೆಯ ರೇಸು, ಇಸ್ಕೂಲಿನ ಪರೀಕ್ಷೆ ಹಾಳೆಯಲ್ಲಿ ಕಾರಿನ ಚಿತ್ರ ಬರೆಯುತ್ತಾ ಕೂತ ಪುಟ್ಟ ಸ್ಪೀಡ್, ಎಲ್ಲ ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಸ್ಪೀಡ್‌ನ ಗಾಡಿಯ ಮುಂದೆ ಅಣ್ಣನ ಗಾಡಿ ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ಮೊದಲ ಸ್ಥಾನ ಆಗಲೇ ಖಚಿತ. ಇನ್ನು ಉಳಿದಿರುವುದು ಆ ದಾಖಲೆ ಮುರಿಯುವುದು ಮಾತ್ರ. ಮುರಿಯುವ ಶಕ್ತಿ ಅವನಿಗಿದೆ, ನಮಗೂ ಗೊತ್ತಾಗುತ್ತದೆ. ಕೊನೆಯ ಗಳಿಗೆಯಲ್ಲಿ ಅವನು ಕಾಲು ಸಡಿಲ ಬಿಡುತ್ತಾನೆ. ಅಣ್ಣನ ದಾಖಲೆ ಹಾಗೇ ಉಳಿಯುತ್ತದೆ. ಯಾರೂ ಯಾರಿಗೂ ಏನನ್ನೂ ವಿವರಿಸುವುದಿಲ್ಲ. ತಮ್ಮನಿರುವ ನನ್ನಂಥವನಿಗೆ ಆ ಜಾಗದಲ್ಲಿ ಗಂಟಲು ಕಟ್ಟುತ್ತದೆ. ಇಷ್ಟು ಅಚ್ಚುಕಟ್ಟಾಗಿ ಕಥೆ ಶುರು ಮಾಡಿದ ಚಿತ್ರವನ್ನು ‘ಬರೀ ಬಣ್ಣ’ ಅಂದರೆ ನಾನು ಒಪ್ಪುವುದು ಹೇಗೆ?

ಇನ್ನೊಂದು ದೃಶ್ಯ ಅಪ್ಪ-ಮಗನದ್ದು. ಅಪ್ಪನ ಪಾತ್ರ ಜಾನ್ ಗುಡ್‌ಮನ್ ಅವರದ್ದು. ಹಿಂದೆ ದೊಡ್ಡ ಮಗ ಮನೆ ಬಿಡುವಾಗ, ಹೋದರೆ ವಾಪಸ್ ಬರಬೇಡ ಅಂದಿದ್ದ ಅಪ್ಪ ಇವನು. ಈಗ ಚಿಕ್ಕವನೂ ಹೊರಟು ನಿಂತಿದ್ದಾನೆ. ಈ ಸಲ ಅಪ್ಪ ತಡೆಯುವುದಿಲ್ಲ, ಬೈಯುವುದಿಲ್ಲ. ಆ ಬಾಗಿಲು ನಿನಗೆ ಯಾವತ್ತೂ ತೆರೆದೇ ಇರುತ್ತದೆ, ಯಾವಾಗ ಬೇಕಾದರೂ ಬರಬಹುದು ಅನ್ನುತ್ತಾನೆ. ಅಲ್ಲಿ ರೇಸೂ ಇಲ್ಲ, ಗ್ರಾಫಿಕ್ಸೂ ಇಲ್ಲ. ಇಬ್ಬರು ಮನುಷ್ಯರು ಮೆತ್ತಗೆ ಮಾತಾಡುತ್ತಾರೆ, ಅಷ್ಟೇ. ಕನ್ನಡ ಸಬ್‌ಟೈಟಲ್ ಇಲ್ಲದ್ದರಿಂದ ಅಮ್ಮನಿಗೆ ನಾನೇ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗುತ್ತಿದ್ದೆ. ಈ ದೃಶ್ಯ ಬಂದಾಗ ‘ನೀನು ಸುಮ್ನಿರು, ನಂಗೆ ಗೊತ್ತಾಗ್ತಿದೆ’ ಅಂದಳು.

ಖಳನಾಯಕ ರಾಯಲ್ಟನ್ ದೊಡ್ಡ ಕಂಪನಿಯ ಮಾಲೀಕ. ಮೊದಲು ಸ್ಪೀಡ್‌ನ ಮನೆಗೆ ಬಂದು ಅವನ ಅಮ್ಮ ಮಾಡಿದ ಪ್ಯಾನ್‌ಕೇಕ್ ತಿಂದು ಹೊಗಳುತ್ತಾನೆ. ನನ್ನ ಕಂಪನಿಗೆ ಬಾ ಅಂತ ಹುಡುಗನನ್ನು ಕರೆಯುತ್ತಾನೆ. ಒಲ್ಲೆ ಅಂದ ಕೂಡಲೇ ಅವನ ಮುಖವೇ ಬದಲಾಗುತ್ತದೆ. ರೇಸು ಗೆಲ್ಲುವುದು ಡ್ರೈವರ್ ಅಲ್ಲ, ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನವಾಗಿರುತ್ತದೆ, ಷೇರು ದರ ಏರಿಸುವುದಕ್ಕಾಗಿ ಇದೆಲ್ಲ ಅಂತ ಹೇಳುತ್ತಾನೆ. ರಾಯಲ್ಟನ್ ಪಾತ್ರದ ರೋಜರ್ ಆಲಂ ಈ ಮಾತನ್ನು ಹಲ್ಲು ಕಡಿದುಕೊಂಡು ಹೇಳುವುದನ್ನು ನೋಡಬೇಕು. ಸಣ್ಣ ಗ್ಯಾರೇಜು ನಡೆಸುವವರಿಗೆ ಇದು ಕಾರ್ಟೂನ್ ಕಥೆ ಅನಿಸುವುದಿಲ್ಲ. ದೊಡ್ಡವರು ಬಂದು ‘ಬೋರ್ಡು ನಮ್ಮದು ಹಾಕಿ, ಕೆಲಸ ನೀವು ಮಾಡಿ’ ಅನ್ನುವುದನ್ನು ನಾವೂ ಕೇಳಿದ್ದೇವೆ.

ಕೊನೆಯ ರೇಸಿನ ನಡುವೆ ಗಾಡಿ ನಿಂತುಬಿಡುತ್ತದೆ. ಉಳಿದವರೆಲ್ಲ ಮುಂದೆ ಹೋಗಿದ್ದಾರೆ. ಆಗ ಸ್ಪೀಡ್ ಗಾಡಿ ಏನು ಹೇಳುತ್ತಿದೆ ಅಂತ ಆಲಿಸುತ್ತಾನೆ. ಚಿಕ್ಕವನಿದ್ದಾಗ ಅಣ್ಣ ಕಲಿಸಿದ ಪಾಠ ಅದು. ನಮ್ಮ ಅಪ್ಪ ಕಲಿಸಿದ್ದೂ ಇದನ್ನೇ. ಬಾನೆಟ್ ಎತ್ತುವ ಮೊದಲು ಸ್ಟಾರ್ಟ್ ಮಾಡಿಸಿ ಸುಮ್ಮನೆ ನಿಲ್ಲಿಸುತ್ತಿದ್ದರು. ಟ್ಯಾಪೆಟ್ ಹೊಡೆಯುತ್ತಿದೆಯೋ, ಬೇರಿಂಗ್ ಹೋಗಿದೆಯೋ, ಕಿವಿಯಲ್ಲೇ ಹೇಳಬೇಕು. ‘ಮೊದಲು ಕಿವಿ ಕೊಡೋ, ಆಮೇಲೆ ಸ್ಪ್ಯಾನರ್ ಹಿಡಿ’ ಅನ್ನುತ್ತಿದ್ದರು. ಆ ದೃಶ್ಯ ನೋಡಿ ಅಪ್ಪ, ‘ಇದನ್ನ ಮಾಡಿದವ್ರಿಗೆ ಗಾಡಿ ಗೊತ್ತು’ ಅಂದರು. ಅಪ್ಪನ ಬಾಯಲ್ಲಿ ಅದು ದೊಡ್ಡ ಮಾತು.

ಈಗ ಬಣ್ಣದ ವಿಷಯ. ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಹಸಿರು ಪರದೆ ಕಟ್ಟಿ, ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಇದು. ಮುಂದಿರುವ ಮುಖ, ನಡುವಿನ ಗಾಡಿ, ಹಿಂದಿನ ಊರು, ಇವನ್ನು ಬೇರೆ ಬೇರೆ ಪದರಗಳಾಗಿ ಮಾಡಿ ಒಂದರ ಮೇಲೊಂದು ಕೂರಿಸಿದ್ದಾರೆ. ಅದಕ್ಕೇ ಹತ್ತಿರದ್ದೂ ದೂರದ್ದೂ ಒಂದೇ ಥರ ಸ್ಪಷ್ಟ. ಸಾಮಾನ್ಯ ಸಿನಿಮಾದಲ್ಲಿ ಹಿಂಬದಿ ಮಸುಕಾಗಿರುತ್ತದೆ, ಕಣ್ಣಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಇಲ್ಲಿ ಆ ಸಹಾಯ ಇಲ್ಲ. ಕಣ್ಣು ನೋವು ಅಂದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದು ಕೆಲಸ ಬಾರದೆ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಕೈಯಲ್ಲಿ ಬರೆದ ಕಾರ್ಟೂನಿನಲ್ಲಿ ಎಲ್ಲವೂ ಹಾಗೇ ಇರುತ್ತದಲ್ವಾ? ಹತ್ತು ನಿಮಿಷ ಹೊಂದಿಕೊಂಡರೆ ಆಮೇಲೆ ಎಲ್ಲ ಸರಾಗ.

ಮೆಚ್ಚದ್ದೂ ಇದೆ. 135 ನಿಮಿಷ ಉದ್ದ, ನಡುವೆ ಎಳೆಯುತ್ತದೆ. ತಮ್ಮ ಮತ್ತು ಚಿಂಪಾಂಜಿಯ ತಮಾಷೆ ಅರ್ಧ ಸಾಕಿತ್ತು. ನನ್ನ ಮಗಳಿಗೆ ಮಾತ್ರ ಅದೇ ಬೇಕು.

ಡಿಸ್ಕಿನ ಬಗ್ಗೆ. ಚಿತ್ರದ ಗುಣಮಟ್ಟ ಬಹಳ ಚೆನ್ನಾಗಿದೆ. ಕೆಂಪು, ಹಳದಿ ಎಲ್ಲೂ ಒಂದಕ್ಕೊಂದು ಹರಡಿಕೊಳ್ಳುವುದಿಲ್ಲ. ನೆಟ್ ಸ್ಲೋ ಇದ್ದಾಗ ಫೋನಿನಲ್ಲಿ ನೋಡಿದರೆ ರೇಸಿನ ಭಾಗ ಕಲಸಿಹೋಗುತ್ತದೆ, ಹಾಗೆ ನೋಡಿ ಬೈಯಬೇಡಿ. ಧ್ವನಿ ಡಾಲ್ಬಿ ಡಿಜಿಟಲ್ 5.1. ಮೈಕಲ್ ಜಿಯಾಕಿನೋ ಅವರ ಸಂಗೀತಕ್ಕೆ ಇದಕ್ಕಿಂತ ಒಳ್ಳೆ ಟ್ರ್ಯಾಕ್ ಇದ್ದಿದ್ದರೆ ಚೆನ್ನಾಗಿತ್ತು. ಆದರೂ ನಮ್ಮ ಹಾಲಿನ ಸ್ಪೀಕರಿಗೆ ಧಾರಾಳವಾಯ್ತು. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದು. ಡಬ್ಬಿಯ ಮೂಲೆ ಒಡೆದು ಬಂತು, ಡಿಸ್ಕಿಗೆ ಏನೂ ಆಗಿರಲಿಲ್ಲ. ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ‘ಎ’ ವಲಯ, ನಮ್ಮದು ‘ಸಿ’; ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದೆಯೂ ಇರಬಹುದು. ನಮ್ಮ ಪ್ಲೇಯರಿನಲ್ಲಿ ತಕರಾರಿಲ್ಲದೆ ಓಡಿತು, ಆದರೂ ಕೊಳ್ಳುವ ಮೊದಲು ಮಾರುವವರನ್ನು ಕೇಳಿಕೊಳ್ಳಿ.

ನೋಡುವಾಗ ಟಿವಿಯನ್ನು ‘ವಿವಿಡ್’ನಲ್ಲಿ ಇಡಬೇಡಿ. ಚಿತ್ರದಲ್ಲೇ ಬಣ್ಣ ಬೇಕಾದಷ್ಟಿದೆ. ‘ಸಿನಿಮಾ’ ಅಥವಾ ‘ಮೂವಿ’ ಮೋಡ್ ಹಾಕಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಲೈಟ್ ಪೂರ್ತಿ ಆರಿಸದೆ ಒಂದು ದೀಪ ಇಟ್ಟುಕೊಂಡರೆ ಕಣ್ಣಿಗೆ ಹಿತ.

ಯಾರು ಕೊಳ್ಳಬೇಕು? ಎಂಟು ಹತ್ತು ವರ್ಷದ ಮಕ್ಕಳಿರುವ ಮನೆಯವರು, ಗಾಡಿ ಹುಚ್ಚಿನವರು, ಅಣ್ಣ ತಮ್ಮ ಸೇರಿ ಏನೋ ಒಂದು ಕೆಲಸ ನಡೆಸುತ್ತಿರುವವರು. ಬೇಗ ತಲೆನೋವು ಬರುವವರಿಗೆ ಬೇಡ. ರೇಟಿಂಗ್ ನೋಡಿಯೇ ಸಿನಿಮಾ ಆರಿಸುವವರು ಒಂದು ಸಲ ಅದನ್ನು ಬದಿಗಿಟ್ಟು, ಆ ಮೊದಲ ರೇಸು ಮುಗಿಯುವವರೆಗಾದರೂ ಕೂತು ನೋಡಿ. ಅಷ್ಟರಲ್ಲಿ ಹಿಡಿಸದಿದ್ದರೆ ನಿಲ್ಲಿಸಿಬಿಡಿ, ಮುಂದೆಯೂ ಹಿಡಿಸುವುದಿಲ್ಲ.