ಊರೊಳಗಿನ ಮನೆಯೋ, ಹೊಲದ ಮನೆಯೋ: ಎರಡರಲ್ಲೂ ಒಂದೊಂದು ವರ್ಷ ಇದ್ದು ನೋಡಿದೆವು

ಮೊದಲ ಮನೆಗೆ ಬಂದ ಮೂರನೇ ದಿನ, ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟದೆ ಸೀದಾ ಅಡುಗೆಮನೆಗೆ ಬಂದು, ಒಲೆ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಎರಡನೇ ಮನೆಗೆ ಹೋದ ಮೂರನೇ ದಿನ, ಸಂಜೆ ಐದರಿಂದ ಬೆಳಗಿನವರೆಗೆ ಹೊರಗಿನವರ ದನಿಯೇ ಕಿವಿಗೆ ಬೀಳಲಿಲ್ಲ. ಎರಡೂ ದಿನ ನನಗೆ ನಿದ್ದೆ ಬರಲಿಲ್ಲ.

ನಾವು ಐದು ಜನ. ನಾನು, ನಮ್ಮವರು, ಅತ್ತೆ, ಹನ್ನೊಂದರ ಮಗಳು, ಆರರ ಮಗ. ಹುಟ್ಟಿ ಬೆಳೆದ ನಗರದಿಂದ ರೈಲಲ್ಲಿ ಎರಡು ದಿನದ ದೂರಕ್ಕೆ ಬಂದೆವು. ಇಲ್ಲಿನ ಭಾಷೆ ನಮ್ಮದಲ್ಲ. ಮೊದಲ ವರ್ಷ ಊರ ನಡುವಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಎರಡನೇ ವರ್ಷ ಊರಿಂದ ಒಂದೂವರೆ ಕಿಲೋಮೀಟರ್ ಆಚೆ, ಹೊಲದ ನಡುವಿನ ಒಂಟಿ ಮನೆಗೆ ಹೋದೆವು. ಬಾಡಿಗೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ದುಡ್ಡಿನ ವಿಷಯ ಬಿಟ್ಟುಬಿಡುತ್ತೇನೆ.

ಮೊದಲು ನೀರು. ಊರೊಳಗೆ ದಿನ ಬಿಟ್ಟು ದಿನ ಬೆಳಗಿನ ಜಾವ ನಲ್ಲಿ ಬರುತ್ತಿತ್ತು, ಒಂದೇ ಗಂಟೆ. ಎದ್ದರೆ ಉಂಟು, ಮಲಗಿದರೆ ಇಲ್ಲ. ಡ್ರಮ್ಮುಗಳನ್ನು ಸಾಲಾಗಿ ಇಟ್ಟುಕೊಂಡಿದ್ದೆವು. ಕಿರಿಕಿರಿ ಅನಿಸುತ್ತಿತ್ತು ನಿಜ. ಆದರೆ ಆ ನೀರಿಗೆ ಕ್ಲೋರಿನ್ ಹಾಕುವುದು, ಪೈಪ್ ಒಡೆದರೆ ಸರಿ ಮಾಡುವುದು ಬೇರೆಯವರ ತಲೆನೋವು. ಹೊಲದ ಮನೆಗೆ ಹೋದಾಗ ಸ್ವಂತ ಬಾವಿ ಸಿಕ್ಕಿತು ಅಂತ ಕುಣಿದಾಡಿದೆವು. ಆ ತಲೆನೋವೂ ಬಾವಿಯ ಜೊತೆಗೇ ಬಂದಿದೆ ಅಂತ ಗೊತ್ತಾಗಲು ಮೊದಲ ಮಳೆ ಬರಬೇಕಾಯಿತು.

ಮಳೆ ನಿಂತ ಮಾರನೇ ದಿನ ಬಾವಿ ನೀರು ಕೆಂಪಾಗಿತ್ತು. ಸೋಸಿ ಕುದಿಸಿ ಕುಡಿದರಾಯಿತು ಅಂದರು ನಮ್ಮವರು. ನಾನು ಒಪ್ಪಲಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಸುತ್ತ ಹೊಲ ಇರುವಾಗ ಅದನ್ನು ನೋಡದೆ ಇರಲಾಗುತ್ತದಾ? ನೀರನ್ನು ಪರೀಕ್ಷೆಗೆ ಕೊಟ್ಟೆವು. ವಿಶ್ವ ಆರೋಗ್ಯ ಸಂಸ್ಥೆ ನೈಟ್ರೇಟಿಗೆ ಇಟ್ಟಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ನಮ್ಮದು ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಆದರೆ ಕೊಳಚೆ ಸೇರಿರಬಹುದು ಅನ್ನುವ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಕಾರಣ ಹುಡುಕಿದರೆ, ಮೇಲುಗಡೆಯ ಕೊಟ್ಟಿಗೆ ತೊಳೆದ ನೀರು ಮಳೆಯ ಜೊತೆ ಹರಿದು, ಗಿಡ್ಡನೆಯ ಬಾವಿ ಕಟ್ಟೆ ಹಾರಿ ಒಳಗೆ ಬೀಳುತ್ತಿತ್ತು! ಕಟ್ಟೆ ಎರಡಡಿ ಏರಿಸಿ, ಕಾಲುವೆ ತಿರುಗಿಸಿ, ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಟ್ಟು ನೀರು ಹೊರಗೆ ಹೊಡೆದೆವು. ಎರಡನೇ ಪರೀಕ್ಷೆಯಲ್ಲಿ ಪಾಸಾಯಿತು. ಇಷ್ಟಕ್ಕೆಲ್ಲ ಒಂದು ತಿಂಗಳು ಹಿಡಿಯಿತು. ಅಷ್ಟು ದಿನ ಕುಡಿಯುವ ನೀರು ಬಂದಿದ್ದು ಎಲ್ಲಿಂದ ಅಂದರೆ, ಅದೇ ಪಾತ್ರೆ ಮುಚ್ಚಳ ಎತ್ತಿದ ಅಜ್ಜಿಯ ಮನೆಯಿಂದ.

ಚಾವಣಿ ಮಳೆನೀರಿನ ಲೆಕ್ಕ ಮಾತ್ರ ಹೊಲದ ಮನೆಯಲ್ಲಿ ಖುಷಿ ಕೊಟ್ಟಿತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಚಾವಣಿ ನೂರು ಚದರ ಮೀಟರ್. ಇಪ್ಪತ್ತು ಮಿಲಿಮೀಟರ್ ಬಂದರೆ 2,000 ಲೀಟರ್, ಸೋರಿ ಹೋಗುವುದನ್ನು ಕಳೆದರೂ ಬಟ್ಟೆ, ಪಾತ್ರೆ, ಗಿಡಕ್ಕೆ ಧಾರಾಳ.

ಕರೆಂಟಿನ ವಿಷಯದಲ್ಲಿ ಊರೊಳಗಿನ ಮನೆ ಸಲೀಸಾಗಿ ಗೆಲ್ಲುತ್ತದೆ. ಅಲ್ಲಿಯೂ ಕರೆಂಟ್ ಹೋಗುತ್ತಿತ್ತು, ಆದರೆ ಇಡೀ ಬೀದಿಗೆ ಹೋಗುತ್ತಿತ್ತು. ಯಾರಾದರೊಬ್ಬರು ಫೋನ್ ಮಾಡಿ ಜಗಳ ಆಡುತ್ತಿದ್ದರು. ಹೊಲದ ಮನೆಗೆ ಕಂಬದಿಂದ ಮುನ್ನೂರು ಮೀಟರ್ ವೈರ್ ಎಳೆದಿದ್ದರು, ಅದೂ ತೆಳ್ಳನೆಯದು. ಬಾವಿಯ ಮೋಟಾರ್ ಹಾಕಿದ ತಕ್ಷಣ ಮನೆಯ ದೀಪಗಳು ಮಂಕಾಗುತ್ತಿದ್ದವು. ಮೋಟಾರ್ ಶುರುವಾಗುವಾಗ ಮಾಮೂಲಿ ಓಟಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಇದು ನಮಗೆ ಅರ್ಥವಾಗಿದ್ದು ಎರಡನೇ ಸಲ ಮೋಟಾರ್ ಸುಟ್ಟಮೇಲೆ. ವೈಂಡಿಂಗ್ ಮಾಡುವವರು ಕಪ್ಪಾದ ತಂತಿ ಸುರುಳಿಯನ್ನು ನಮ್ಮ ಕೈಗೇ ಕೊಟ್ಟು, "ಮೋಟಾರಿಗೆ ಏನೂ ಆಗಿರಲಿಲ್ಲ, ವೈರ್ ಬದಲಾಯಿಸಿ" ಅಂದರು. 4 ಚದರ ಮಿಲಿಮೀಟರಿನ ವೈರ್ ತೆಗೆಸಿ 10ರದ್ದು ಹಾಕಿಸಿದೆವು. ಆಮೇಲೆ ಇವತ್ತಿನವರೆಗೆ ಸುಟ್ಟಿಲ್ಲ.

ಜೊತೆಗೆ ಇನ್ವರ್ಟರ್. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಹಾಗಾಗಿ ಲೆಕ್ಕಕ್ಕೆ 900 ಹಿಡಿಯಿರಿ. ಒಂದು ಫ್ಯಾನ್, ಎರಡು ಎಲ್‌ಇಡಿ, ರೌಟರ್ ಸೇರಿ ನೂರು ವ್ಯಾಟ್ ಅಂದುಕೊಂಡರೆ, ಇನ್ವರ್ಟರಿನಲ್ಲೇ ಪೋಲಾಗುವುದನ್ನು ಕಳೆದು ಏಳೆಂಟು ಗಂಟೆ ಓಡುತ್ತದೆ. ಒಂದು ರಾತ್ರಿಗೆ ಸಾಕು. ಎರಡನೇ ರಾತ್ರಿಗೆ ಸಾಲುವುದಿಲ್ಲ. ಹೊಲದಲ್ಲಿ ಗಾಳಿಮಳೆಯ ದಿನಗಳಲ್ಲಿ ಎರಡನೇ ರಾತ್ರಿಯೂ ಇರುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಮಾತ್ರ ನಾವು ಅಂದುಕೊಂಡಿದ್ದು ತಲೆಕೆಳಗಾಯಿತು. ಊರೊಳಗಿನ ಮನೆಯ ದಪ್ಪ ಕಲ್ಲುಗೋಡೆಯ ಒಳಗೆ ಸಿಗ್ನಲ್ ಬರುತ್ತಿರಲಿಲ್ಲ. ನಮ್ಮವರು ಕಿಟಕಿಯಲ್ಲಿ ಅರ್ಧ ದೇಹ ಹೊರಗೆ ಹಾಕಿ ಮೀಟಿಂಗ್ ಮಾಡುತ್ತಿದ್ದರು. ಹೊಲದಲ್ಲಿ ಅಡ್ಡ ಏನೂ ಇಲ್ಲ, ಚಾವಣಿಯ ಮೇಲೆ ಆಂಟೆನಾ ನಿಲ್ಲಿಸಿದ ಮೇಲೆ ಕೆಲಸ ಸರಾಗ.

ಇನ್ನು ಜನ. ನಮಗೆ ಎರಡು ಮನೆಗಳ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಇದರಲ್ಲೇ.

ಊರೊಳಗೆ ಗುಟ್ಟು ಅನ್ನುವುದು ಇರಲಿಲ್ಲ. ಯಾಕೆ ಬಂದಿರಿ, ಎಷ್ಟು ಸಂಬಳ, ಗಂಡ ಹಗಲೆಲ್ಲ ಯಾಕೆ ಮನೆಯಲ್ಲೇ ಇರುತ್ತಾನೆ, ಎಲ್ಲವೂ ಅವರಿಗೆ ಬೇಕು. ನಾನು ಒಣಹಾಕಿದ ಬಟ್ಟೆ ನೋಡಿ ಮನೆಗೆ ನೆಂಟರು ಬಂದಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ಉಸಿರು ಕಟ್ಟಿದ ಹಾಗಾಗಿತ್ತು. ಹೊಲದ ಮನೆ ಹುಡುಕಿದ್ದೇ ಅದಕ್ಕೆ.

ಆದರೆ ಅದೇ ಆರು ತಿಂಗಳಲ್ಲಿ ಮಗ ಬೀದಿಯಲ್ಲಿ ಆಡುತ್ತಾ ಇಲ್ಲಿನ ಭಾಷೆ ಕಲಿತಿದ್ದ. ಮೊದಲು ಬೈಗುಳ, ಆಮೇಲೆ ಉಳಿದದ್ದು. ಮಗಳು ಶಾಲೆಯಲ್ಲಿ ಮೊದಲ ಎರಡು ತಿಂಗಳು ಬಾಯಿ ಬಿಡಲಿಲ್ಲ, ಅವಳಿಗೆ ಪದ ಹೇಳಿಕೊಟ್ಟವನು ಈ ಚೋಟುದ್ದದ ತಮ್ಮನೇ. ಅತ್ತೆಗೆ ಭಾಷೆ ಇವತ್ತಿಗೂ ಬರುವುದಿಲ್ಲ. ಆದರೂ ಪಕ್ಕದ ಅಜ್ಜಿಯ ಜೊತೆ ಜಗಲಿಯಲ್ಲಿ ಕೂತರೆ ಎರಡು ಗಂಟೆ ಏಳುತ್ತಿರಲಿಲ್ಲ. ಇವರದು ಒಂದು ಭಾಷೆ, ಅವರದು ಇನ್ನೊಂದು, ಮಾತು ನಿಂತಿದ್ದೇ ಇಲ್ಲ. ಹೊಲದ ಮನೆಗೆ ಬಂದ ಮೇಲೆ ಅತ್ತೆ ಮಧ್ಯಾಹ್ನವೂ ಮಲಗತೊಡಗಿದರು. ನನಗೆ ಸಿಕ್ಕ ನೆಮ್ಮದಿಗೆ ಬೆಲೆ ಕೊಡುತ್ತಿದ್ದವರು ಅವರು ಅಂತ ತಿಳಿಯಲು ನನಗೆ ಸ್ವಲ್ಪ ತಡವಾಯಿತು.

ಹೊಲದ ಮನೆಯ ಎರಡನೇ ತಿಂಗಳ ಒಂದು ರಾತ್ರಿ. ನಮ್ಮವರು ಊರಲ್ಲಿರಲಿಲ್ಲ. ಮಗ ಬಚ್ಚಲಿಗೆ ಹೋಗಬೇಕು ಅಂತ ಎಬ್ಬಿಸಿದ. ಟಾರ್ಚ್ ಹಾಕಿದೆ. ಬಚ್ಚಲ ಬಾಗಿಲಲ್ಲಿ ಹಾಸಿದ್ದ ಕಾಲೊರೆಸುವ ಬಟ್ಟೆಯ ಅಂಚು ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕೂತಿತು. ಗಾಳಿ ಇರಲಿಲ್ಲ. ಮಗನನ್ನು ಎತ್ತಿಕೊಂಡು ಹಿಂದೆ ಸರಿದೆ. ಟಾರ್ಚ್ ಬೆಳಕು ಬಟ್ಟೆಯ ಮೇಲಿಂದ ಆಚೀಚೆ ಹೋಗದ ಹಾಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಜ್ಜಿಯ ಮನೆಗೆ ಫೋನ್ ಮಾಡಿದೆ. ಹಾವು ಹಿಡಿಯುವ ಹುಡುಗ ಕಾಲು ಗಂಟೆಯಲ್ಲಿ ಬೈಕಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಅಜ್ಜಿ!

ಹಾವನ್ನು ಚೀಲಕ್ಕೆ ಹಾಕಿದ ಮೇಲೆ ಆ ಹುಡುಗ ಮನೆಯೆಲ್ಲ ಸುತ್ತಿ, ಒಳಕೋಣೆಯ ಧಾನ್ಯದ ಮೂಟೆಗಳನ್ನು ತೋರಿಸಿದ. ಮೂಟೆಗೆ ಇಲಿ, ಇಲಿಗೆ ಹಾವು. ಮಾರನೇ ದಿನವೇ ಮೂಟೆ ಹೊರಗೆ ಹೋದವು. ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಓಡಬೇಕು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ನಕ್ಷೆಯಲ್ಲಿ ಆಸ್ಪತ್ರೆಗೆ ಎರಡೂ ಮನೆಯಿಂದ ಹೆಚ್ಚುಕಡಿಮೆ ಒಂದೇ ದೂರ. ಮಳೆಗಾಲದಲ್ಲಿ ಆ ಒಂದೂವರೆ ಕಿಲೋಮೀಟರ್ ಕೆಸರಿಗೇ ಅರ್ಧ ಗಂಟೆ.

ಯಾವುದು ಒಳ್ಳೆಯದು ಅಂತ ಕೇಳಿದರೆ, ನನಗೆ ಹೊಲದ ಮನೆಯೇ ಇಷ್ಟ. ಆದರೆ ಮೊದಲೇ ಅಲ್ಲಿಗೆ ಹೋಗಿದ್ದರೆ ಆ ರಾತ್ರಿ ಯಾರಿಗೆ ಫೋನ್ ಮಾಡುತ್ತಿದ್ದೆ? ಹೊಸದಾಗಿ ಬರುವವರು ಒಂದು ವರ್ಷವಾದರೂ ಊರೊಳಗೆ ಇರಿ. ಮುಚ್ಚಳ ಎತ್ತಿ ನೋಡುವವರು ನೋಡಲಿ. ಗಂಡ ಹೆಂಡತಿ ಇಬ್ಬರೇ ಆದರೆ, ಇಲ್ಲಿನ ಭಾಷೆಯೂ ಬಂದರೆ, ಆರು ತಿಂಗಳು ಸಾಕೇನೋ. ವಯಸ್ಸಾದವರು ಜೊತೆಗಿದ್ದರೆ ಊರೊಳಗೇ ಉಳಿದುಬಿಡುವುದು ವಾಸಿ ಅಂತಲೂ ಅನಿಸುತ್ತದೆ.

ನಾವು ಮಾಡಿಕೊಂಡಿರುವ ವ್ಯವಸ್ಥೆ ಬೇರೆ. ವಾರಕ್ಕೆ ಮೂರು ದಿನ, ಮಕ್ಕಳನ್ನು ಶಾಲೆಗೆ ಬಿಡುವಾಗ ಅತ್ತೆಯೂ ಗಾಡಿ ಹತ್ತುತ್ತಾರೆ. ಹಳೇ ಬೀದಿಯ ಜಗಲಿಯಲ್ಲಿ ಇಳಿದುಕೊಂಡು, ಸಂಜೆ ಮಕ್ಕಳ ಜೊತೆಗೇ ವಾಪಸ್ ಬರುತ್ತಾರೆ. ಬರುವಾಗ ಊರಿನ ಸುದ್ದಿಯೆಲ್ಲ ತರುತ್ತಾರೆ. ಅರ್ಥವಾಗದ ಭಾಷೆಯಲ್ಲಿ ಅದನ್ನು ಹೇಗೆ ತಿಳಿದುಕೊಂಡರು ಅಂತ ನಾವ್ಯಾರೂ ಕೇಳಿಲ್ಲ.