ಬಣ್ಣ ಹಚ್ಚಿದ ಎಂ.ಜಿ. ರೋಡು: ಎರಡು ವರ್ಷ ಗೋಡೆ ಮೇಲಿದ್ದ ಮೇಲೆ

ಹಳೇ ಬೆಂಗಳೂರಿನ ಕಪ್ಪು-ಬಿಳುಪು ಫೋಟೊಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಕ್ಯಾನ್ವಾಸ್ ಮೇಲೆ ಮುದ್ರಿಸಿದ ಮೂರರ ಸೆಟ್ಟು: ಎಂ.ಜಿ. ರೋಡು, ಕೆ.ಆರ್. ಮಾರ್ಕೆಟ್ಟು, ಮೆಜೆಸ್ಟಿಕ್ಕು. ದೀಪಾವಳಿ ರಿಯಾಯಿತಿಯಲ್ಲಿ 4,200 ರೂಪಾಯಿ. ಸೋಫಾ ಮೇಲಿನ ಗೋಡೆ ಬೋಳು ಬೋಳು ಅಂತ ಹೆಂಡತಿ ಅನ್ನುತ್ತಲೇ ಇದ್ದಳು, ತರಿಸಿದೆ. ಫ್ರೇಮು, ಪ್ಯಾಕಿಂಗು ಗಟ್ಟಿ. ಆ ಬಗ್ಗೆ ದೂರಿಲ್ಲ.

ತಕರಾರು ಬಸ್ಸಿನದು. ಎಂ.ಜಿ. ರೋಡಿನ ಚಿತ್ರದಲ್ಲೊಂದು ಡಬಲ್ ಡೆಕ್ಕರ್ ಇದೆ, ಅದಕ್ಕೆ ನೀಲಿ ಬಳಿದಿದ್ದಾರೆ. ನಮ್ಮಪ್ಪ ಬಿ.ಟಿ.ಎಸ್.ನಲ್ಲಿ, ಅಂದರೆ ಆಗಿನ ಬೆಂಗಳೂರು ಸಿಟಿ ಬಸ್ ಸೇವೆಯಲ್ಲಿ, ಕಂಡಕ್ಟರ್ ಆಗಿದ್ದವರು. ನಾನು ಮೊಳೆ ಹೊಡೆದು ಸ್ಟೂಲಿನಿಂದ ಇಳಿಯುವಷ್ಟರಲ್ಲಿ, "ಇದ್ಯಾವ ಊರ ಬಸ್ಸೋ?" ಅಂದರು.

ಅಲ್ಲಿಂದ ಶುರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಚಿತ್ರದ ಎದುರು ಕುರ್ಚಿ ಎಳೆದುಕೊಂಡರೆ ದಿನಕ್ಕೊಂದು ತಪ್ಪು ಸಿಗುತ್ತಿತ್ತು. ಮೆಟ್ರೊ ಬರುವ ಮೊದಲು ರಸ್ತೆಯುದ್ದಕ್ಕೂ ಕಾಗದದ ಹೂವಿನ ಬಳ್ಳಿ ಹಬ್ಬಿರುತ್ತಿತ್ತಲ್ಲ, ಅದು ಚಿತ್ರದಲ್ಲಿ ಬರೀ ಹಸಿರು ಪೊದೆ. ಮಾರ್ಕೆಟ್ಟಿನ ಚೆಂಡುಹೂವಿನ ರಾಶಿ ಥೇಟ್ ಬೆಲ್ಲದ ಪುಡಿ. ಮೆಜೆಸ್ಟಿಕ್ಕಿನ ಸಿನಿಮಾ ಬ್ಯಾನರಿಗಂತೂ ಜ್ವರ ಬಂದವರ ಬಣ್ಣ. ಬ್ಯಾನರ್ ಬರೆಯುವವರು ಅಷ್ಟು ಕಂಜೂಸಾಗಿ ಬಣ್ಣ ಬಳಿದದ್ದನ್ನು ಯಾರಾದರೂ ಕಂಡಿದ್ದೀರಾ?

ಕಾರಣ ಇಷ್ಟೇ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಉಳಿಯುವುದು ಬೆಳಕಿನ ಹೆಚ್ಚು-ಕಡಿಮೆ ಮಾತ್ರ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಬಂದುಬಿಡಬಹುದು. ಯಾವುದು ಯಾವುದೆಂದು ಸಾಫ್ಟ್‌ವೇರು ಬೇರೆ ಸಾವಿರಾರು ಚಿತ್ರ ನೋಡಿದ ಅಭ್ಯಾಸದಲ್ಲಿ ಊಹಿಸುತ್ತದೆ, ಅನುಮಾನ ಬಂದ ಕಡೆ ಮಾಸಲು ಕಂದು ಸವರಿ ಮುಂದೆ ಹೋಗುತ್ತದೆ. ನಮ್ಮಜ್ಜಿಯ ಮದುವೆ ಫೋಟೊಗೂ ಸ್ಟುಡಿಯೋದವರು ಕೈಯಲ್ಲೇ ಬಣ್ಣ ಹಚ್ಚಿದ್ದರು. ಆದರೆ ಬ್ರಷ್ ಮುಟ್ಟುವ ಮೊದಲು, "ಸೀರೆ ಯಾವ ಬಣ್ಣದ್ದಮ್ಮಾ?" ಅಂತ ಕೇಳಿದ್ದರಂತೆ. ಇಲ್ಲಿ ಕೇಳುವವರೇ ಇಲ್ಲ.

ಇನ್ನೊಂದು ವಿಷಯ, ಪಶ್ಚಿಮದ ಕಿಟಕಿ ಎದುರು ಹಾಕಬೇಡಿ. ಸಂಜೆ ಬಿಸಿಲಿಗೆ ಕೆಂಪು, ಹಳದಿ ಮೊದಲು ಹಾರಿದವು. ಮಾರ್ಕೆಟ್ಟಿನ ಚಿತ್ರ ಈಗ ಹಳೇ ಸಲೂನಿನ ಪೋಸ್ಟರಿನ ಹಾಗೆ ನೀಲಿಗಟ್ಟಿದೆ.

ವಾಪಸ್ ಕಳಿಸೋಣ ಅಂದಾಗ ತಡೆದವರು ಅಪ್ಪನೇ. ಆಗಲೇ ಗೊತ್ತಾದದ್ದು, ನಿವೃತ್ತಿಯಾದ ಮೇಲೆ ಕೆಲಸದ ಮಾತೇ ಎತ್ತದ ಮನುಷ್ಯ ಈ ನೀಲಿ ಬಸ್ಸನ್ನು ಬಯ್ಯುತ್ತಾ ಬಯ್ಯುತ್ತಾ ಎಲ್ಲ ಹೇಳಿಬಿಟ್ಟಿದ್ದಾರೆ: ಮೇಲಿನ ಡೆಕ್ಕಿನಲ್ಲಿ ಬಗ್ಗಿಕೊಂಡು ಟಿಕೆಟ್ ಹರಿದದ್ದು, ಪ್ಲಾಜಾ ಟಾಕೀಸಿನಲ್ಲಿ ಆಟ ಬಿಟ್ಟಾಗ ಜನ ಮುಗಿಬೀಳುತ್ತಿದ್ದದ್ದು, ಚಿಲ್ಲರೆ ಜಗಳ. ನೆಂಟರು ಬಂದರೂ ಈಗ ಟೀವಿ ಹಾಕುವುದಿಲ್ಲ. ಚಿತ್ರದ ಕೆಳಗೆ ಸೇರಿ ಯಾವ ಅಂಗಡಿಗೆ ಯಾವ ಬಣ್ಣವಿತ್ತು ಅಂತ ವಾದಕ್ಕಿಳಿಯುತ್ತಾರೆ.

ಹೋದ ತಿಂಗಳು ಅದೇ ಎಂ.ಜಿ. ರೋಡಿನ ಬಣ್ಣವಿಲ್ಲದ ಪ್ರತಿ 900 ರೂಪಾಯಿಗೆ ತರಿಸಿ ಪಕ್ಕದಲ್ಲಿ ತೂಗುಹಾಕಿದೆ. ಅಪ್ಪ ಹತ್ತಿರ ಹೋಗಿ ನೋಡಿ, "ಹ್ಞಾಂ, ಇದರಲ್ಲಿ ಕೆಂಪಾಗಿದೆ" ಅಂದರು.

ಬಣ್ಣದ್ದಕ್ಕೆ 5ರಲ್ಲಿ 2, ಬಣ್ಣವಿಲ್ಲದ್ದಕ್ಕೆ 4. ಒಂದು ಕಡಿಮೆ ಮಾಡಿದ್ದು ಕೊಕ್ಕೆಯ ಸ್ಕ್ರೂ ಕಳಿಸಲು ಮರೆತದ್ದಕ್ಕೆ.